ಬಾಗದ ತೋಳು

ನಮ್ಮ ಗುರುನಿವಾಸಕ್ಕೆ ಬಂದವರ ಕಣ್ಣು ಮೊದಲು ಬೀಳುವುದು ಮುಂದಿನ ಕೋಣೆಯ ಗೋಡೆಯ ಮೇಲಿರುವ ಒಂದು ಬಿಲ್ಲಿನ ಮೇಲೆ. ಅದು ಐದು ಅಡಿ ನಾಲ್ಕು ಅಂಗುಲ ಉದ್ದದ ಮರದ ಬಿಲ್ಲು. ಅದರ ಹೊರಮೈಯ ಉದ್ದಕ್ಕೂ ಮೀನಿನ ಚರ್ಮವನ್ನು ಅಂಟಿಸಿದೆ. ಹುರುಪೆ ಕಿತ್ತ ಜಾಗದಲ್ಲಿ ಉಳಿದ ಬಲೆಯಂತಹ ಗುರುತುಗಳು ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುತ್ತವೆ. ಹೆದೆಯನ್ನು ಬಿಚ್ಚಿ ಪಕ್ಕದ ಮೊಳೆಗೆ ಸುತ್ತಿ ಹಾಕಿದ್ದೇನೆ. ಜ್ಞಾನೋಪದೇಶಕ್ಕೆ ಬರುವ ಮಕ್ಕಳು ಅದನ್ನು ಮುಟ್ಟಬಹುದೇ ಎಂದು ಕೇಳುತ್ತಾರೆ. ದೊಡ್ಡವರು ಗುರುಗಳ ಮನೆಯಲ್ಲಿ ಬಿಲ್ಲೇಕೆ ಎಂದು ನಗುತ್ತಾರೆ. ಇಬ್ಬರಿಗೂ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಉತ್ತರದಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿಕೊಂಡಿದೆ.

ಎರಡು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದೊಯ್ದಿದ್ದೆ. ಹಜಾರರಾಮ ದೇವಾಲಯದ ಗೋಡೆಗಳ ಮೇಲೆ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಕೆತ್ತಿರುವುದನ್ನು ನೀವೂ ನೋಡಿರಬಹುದು. 15ನೆಯ ಶತಮಾನದ ಆದಿಭಾಗದ ಆ ಕಲ್ಲುಗಳಲ್ಲಿ ಎಲ್ಲಿ ನೋಡಿದರೂ ಬಿಲ್ಲು ಹಿಡಿದ ಕೈಗಳು. ಏಳನೆಯ ತರಗತಿಯ ಹುಡುಗನೊಬ್ಬ ಅಲ್ಲಿಯೇ ನಿಂತು, "ಫಾದರ್, ಇಷ್ಟು ಬಗ್ಗಿಸಿದರೂ ಇದು ಯಾಕೆ ಮುರಿಯೋದಿಲ್ಲ?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ಉತ್ತರ ತಿಳಿಯದ ಮೇಷ್ಟರು ಮಾಡುವಂತೆ ನಾನೂ ಇತಿಹಾಸ ಹೇಳಲು ತೊಡಗಿದೆ.

ಇತಿಹಾಸಕ್ಕೇನೂ ಕೊರತೆಯಿರಲಿಲ್ಲ. 1424ರಿಂದ 1446ರವರೆಗೆ ಆಳಿದ ಇಮ್ಮಡಿ ದೇವರಾಯನು, ಬಹಮನಿ ಸುಲ್ತಾನರ ಗೆಲುವಿಗೆ ಅವರ ಕುದುರೆಗಳೂ ಬಿಲ್ಗಾರರೂ ಕಾರಣವೆಂದು ಅರಿತು, ಮುಸ್ಲಿಮ್ ಬಿಲ್ಗಾರರನ್ನು ತನ್ನ ಸೇನೆಗೆ ಸೇರಿಸಿಕೊಂಡು, ತನ್ನವರಿಗೆ ಅವರಿಂದ ವಿದ್ಯೆ ಕಲಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅರಸನ ಅಧಿಕಾರಿಯಾಗಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಹಂಪಿಯಲ್ಲಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಸೇನೆಯ ಬಿಲ್ಲುಗಳಿಗೆ ಚಿನ್ನ ಬೆಳ್ಳಿಯ ತಗಡು ಹೊದಿಸಿದ್ದರೆಂದೂ ಬಾಣಗಳ ಗರಿಗಳು ಬಹು ಅಚ್ಚುಕಟ್ಟಾಗಿದ್ದವೆಂದೂ ದಾಖಲಿಸಿದ್ದಾನೆ. ಇದೆಲ್ಲವನ್ನೂ ಹೇಳಿ ಮುಗಿಸಿದಾಗ ಹುಡುಗ ತಾಳ್ಮೆಯಿಂದ ಕೇಳಿದ: "ಆದರೆ ಯಾಕೆ ಮುರಿಯೋದಿಲ್ಲ?"

ತನ್ನಲ್ಲಿಲ್ಲದ ವಿದ್ಯೆಯನ್ನು ಇತರರಿಂದ ಕಲಿಯಲು ಅರಸನೇ ನಾಚಲಿಲ್ಲವೆಂದ ಮೇಲೆ ನನಗೇನು ನಾಚಿಕೆ? ಬುಕ್ಕಸಾಗರದಲ್ಲಿ ಒಬ್ಬ ವೃದ್ಧ ಬಡಗಿಯ ಪರಿಚಯ ನನಗಿತ್ತು. ಊರಿನವರೆಲ್ಲ ಅವರನ್ನು ತಾತ ಎಂದೇ ಕರೆಯುತ್ತಾರೆ; ನಾನೂ ಹಾಗೆಯೇ ಕರೆಯುತ್ತೇನೆ. ಒಂದು ಗುರುವಾರ ಬೆಳಿಗ್ಗೆ ಅವರ ಬಳಿಗೆ ಹೊರಟೆ.

ಹಂಪಿಯಿಂದ ಕೆಳಗೆ ತುಂಗಭದ್ರೆಯ ದಕ್ಷಿಣ ದಡದಲ್ಲಿದೆ ಈ ಊರು. ಬಾಳೆ, ಕಬ್ಬು, ಭತ್ತದ ಹಸಿರಿನ ನಡುವೆ ಅಲ್ಲಲ್ಲಿ ಬಂಡೆಗಳು ತಲೆ ಎತ್ತಿ ನಿಂತಿವೆ. ತಾತ ಗಾಡಿಗಳನ್ನು ಮಾಡಿದವರು, ನೇಗಿಲು ಕೆತ್ತಿದವರು, ಬಿದಿರು ಸೀಳಿ ಹರಿಗೋಲು ಹೆಣೆದವರು. ಈ ಭಾಗದ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಪಾಯಸ್ ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಒಂದೊಂದರಲ್ಲಿ 15–20 ಜನ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. "ಒಳಗಿನ ಕಡ್ಡಿ ಭಾರ ಹೊರತೈತಿ, ಹೊರಗಿನ ತೊಗಲು ಅದನ್ನ ಕಾಯತೈತಿ" ಎಂದು ತಾತ ಹರಿಗೋಲಿನ ಬಗ್ಗೆ ಹೇಳುತ್ತಿದ್ದರು. ಆ ಮಾತು ಬಿಲ್ಲಿಗೂ ಅನ್ವಯಿಸುತ್ತದೆಂದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಮರದ ಬಿಲ್ಲಿನ ಹೊರಮೈಗೆ ಮೀನಿನ ಚರ್ಮ ಅಂಟಿಸುವ ವಿಚಾರವನ್ನು ನಾನು ಒಂದು ಪುಸ್ತಕದಲ್ಲಿ ಓದಿದ್ದೆ. ಮೀನಿಗೂ ಬಿಲ್ಲಿಗೂ ಇರುವ ನಂಟು ಹೊಸದೇನಲ್ಲ. ಕೊರಿಯಾ ದೇಶದ ಸಾಂಪ್ರದಾಯಿಕ ಕೊಂಬಿನ ಬಿಲ್ಲುಗಳನ್ನು ಜೋಡಿಸುವುದೇ ಮೀನಿನ ಗಾಳಿಚೀಲದಿಂದ ತೆಗೆದ ಅಂಟಿನಿಂದ. ಅಮೂರ್ ನದಿಯ ದಡದ ನಾನಾಯ್ ಜನರು ಮೀನಿನ ಚರ್ಮದಿಂದ ಉಡುಪುಗಳನ್ನೇ ಹೊಲಿಯುತ್ತಿದ್ದರು. ಅಷ್ಟು ಗಟ್ಟಿ ಆ ಚರ್ಮ. ನಮ್ಮ ದೇಶದಲ್ಲೂ ಬಿಲ್ಲಿನ ಹೆಸರುಗಳೇ ಅದರ ಸಾಮಗ್ರಿಯನ್ನು ಹೇಳುತ್ತವೆ. ಶೃಂಗ ಎಂದರೆ ಕೊಂಬು, ಅದರಿಂದಾದದ್ದು ಶಾರ್ಙ್ಗ. ಮೂರ್ವಾ ಎಂಬ ಗಿಡದ ನಾರಿನಿಂದ ಹೊಸೆದ ಹೆದೆ ಮೌರ್ವಿ. ತಾತನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿ, ತಲೆಯಾಡಿಸಿ, "ಮರ ಯಾವುದು ಹೇಳ್ರಿ ಸ್ವಾಮೀ, ಮರ" ಎಂದರು.

ಮರವನ್ನು ಅವರೇ ಆರಿಸಿದರು. ಅಟ್ಟದ ಮೇಲೆ ಮೂವತ್ತು ವರ್ಷಗಳಿಂದ ಮಲಗಿದ್ದ ಹಳೆಯ ಎತ್ತಿನಗಾಡಿಯ ಮೂಕಿಯೊಂದನ್ನು ಇಳಿಸಿದರು. ಅದು ತಡಸಲು ಮರ. ಸಂಸ್ಕೃತದಲ್ಲಿ ಇದಕ್ಕೆ ಧನ್ವನ ಎಂಬ ಹೆಸರಿದೆ. ಬಿಲ್ಲಿನ ಮರವೆಂದೇ ಇದರ ಖ್ಯಾತಿ. ಬಾಗಿ ಮತ್ತೆ ನೆಟ್ಟಗಾಗುವ ಗುಣ ಇದಕ್ಕಿರುವುದರಿಂದ ಗಾಡಿಯ ಮೂಕಿಗೂ ಹೊರೆ ಹೊರುವ ಅಡ್ಡೆಗೂ ಇದನ್ನೇ ಬಳಸುತ್ತಿದ್ದರು. ತಾತ ಅದನ್ನು ಗರಗಸದಿಂದ ಕೊಯ್ಯಲಿಲ್ಲ, ಬೆಣೆ ಬಡಿದು ಸೀಳಿದರು. ಗರಗಸ ತನಗೆ ಬೇಕಾದ ದಾರಿಯಲ್ಲಿ ಹೋಗುತ್ತದೆ, ಸೀಳು ಎಳೆಯ ದಾರಿಯಲ್ಲಿ ಹೋಗುತ್ತದೆ. ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಓಡಿದ್ದರೆ ಮಾತ್ರ ಆ ಮರ ಬಿಲ್ಲಾಗುತ್ತದೆ. ನಮಗೆ ಎರಡು ಸೀಳುಗಳು ದೊರೆತವು.

ಓದುಗರೇ, ಆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದ ಆರಂಭವಾಗುತ್ತದೆ. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವ ಒಳಮೈ ಕುಗ್ಗುತ್ತದೆ. ಮರ ಮುರಿಯುವುದು ಬಹುತೇಕ ಹೊರಮೈಯಿಂದ. ಅಲ್ಲಿ ಕೂದಲಿನಷ್ಟು ಸಣ್ಣ ಒಂದು ಎಳೆ ಮೇಲೆದ್ದರೆ ಸಾಕು, ಮುಂದಿನ ಎಳೆತಕ್ಕೆ ಅದು ಚಕ್ಕೆಯಾಗುತ್ತದೆ, ಅದರ ಮುಂದಿನದಕ್ಕೆ ಬಿಲ್ಲು ಎರಡಾಗುತ್ತದೆ. ಆದ್ದರಿಂದ ಹೊರಮೈಯನ್ನು ಮುಟ್ಟದೆ ಒಳಮೈಯನ್ನು ಮಾತ್ರ ಕೆತ್ತಬೇಕು. ಬಿಲ್ಲಿನ ಉದ್ದವೂ ನಾವು ಎಳೆಯುವ ಉದ್ದದ ಎರಡು ಪಟ್ಟಿಗಿಂತ ಹೆಚ್ಚಿರಬೇಕು. ನಾವು 26 ಅಂಗುಲ ಎಳೆಯಲು 64 ಅಂಗುಲದ ಬಿಲ್ಲನ್ನು ನಿಶ್ಚಯಿಸಿದೆವು. ಬಾಚಿಯಿಂದ ಒರಟು ಆಕಾರ ಬಂದಿತು, ಅರದಿಂದ ನಯವಾಯಿತು. ನಡುವೆ ಹಿಡಿ, ಎರಡು ಕಡೆಗೆ ಎರಡು ತೋಳು.

ಬಿಲ್ಲು ಮಾಡುವವನ ನಿಜವಾದ ಪರೀಕ್ಷೆ ಅನಂತರದ್ದು. ಗೋಡೆಗೆ ಬಡಿದ ಗೂಟದ ಮೇಲೆ ಬಿಲ್ಲಿನ ಹಿಡಿಯನ್ನಿಟ್ಟು, ತುದಿಗಳಿಗೆ ಸಡಿಲವಾಗಿ ಹಗ್ಗ ಕಟ್ಟಿ, ಆ ಹಗ್ಗವನ್ನು ರಾಟೆಯ ಮೂಲಕ ಎಳೆಯುತ್ತ ದೂರ ನಿಂತು ನೋಡಬೇಕು. ಎರಡು ತೋಳುಗಳೂ ಸಮನಾಗಿ ಬಾಗುತ್ತಿವೆಯೇ? ಒಂದೇ ತೋಳಿನಲ್ಲಿ ಎಲ್ಲ ಭಾಗವೂ ಪಾಲು ತೆಗೆದುಕೊಳ್ಳುತ್ತಿದೆಯೇ? ಒಳಮೈಯನ್ನು ಗಾಜಿನ ಚೂರಿನಿಂದ ಸ್ವಲ್ಪ ಹೆರೆಯುವುದು, ಇಪ್ಪತ್ತು ಸಲ ಮೆಲ್ಲಗೆ ಎಳೆದು ಬಿಡುವುದು, ಮತ್ತೆ ನೋಡುವುದು. ಒಂದು ಅಂಗುಲ ಹೆಚ್ಚು ಎಳೆಯಲು ಒಂದು ಬೆಳಗ್ಗೆ ಹಿಡಿಯುತ್ತದೆ.

ಮೊದಲ ಬಿಲ್ಲಿನ ಒಂದು ತೋಳು ಬೇಗ ಬಾಗಿತು. ಇನ್ನೊಂದು ಬಿಗಿಯಾಗಿ ನಿಂತಿತು. ನಾನು ಬಾಗುವ ತೋಳನ್ನೇ ಹೆರೆಯತೊಡಗಿದೆ. ಕಾರಣ ಸರಳವಾಗಿತ್ತು. ಅಲ್ಲಿ ಮರ ಮೆದುವಾಗಿತ್ತು, ಹೆರೆದಂತೆಲ್ಲ ಸುಲಭವಾಗಿ ಒಪ್ಪಿಕೊಳ್ಳುತ್ತಿತ್ತು. ಪ್ರತಿ ಸಲವೂ ಬಿಲ್ಲು ಅರ್ಧ ಅಂಗುಲ ಹೆಚ್ಚು ಬಾಗುವುದನ್ನು ಕಂಡು ಕೆಲಸ ಸಾಗುತ್ತಿದೆಯೆಂದು ಸಂತೋಷಪಟ್ಟೆ. ಬಿಗಿ ತೋಳಿನಲ್ಲಿ ಗಂಟೊಂದಿತ್ತು. ಗಾಜು ಅಲ್ಲಿ ಜಾರುತ್ತಿತ್ತು. ಅದರ ಗೊಡವೆ ನನಗೆ ಬೇಡವಾಗಿತ್ತು. ತಾತ ಹೊರಗಿನಿಂದ ಬಂದವರೇ ನೋಡಿ ಗದರಿದರು:

"ಏನ್ ಮಾಡಾಕತ್ತೀರಿ ಸ್ವಾಮೀ? ಬಾಗೋದನ್ನ ಯಾಕೆ ಹೆರೀತೀರಿ? ಅದು ಪಾಪ, ಆಗಲೇ ಬಾಗಾಕತ್ತೈತಿ. ಬಾಗದೆ ನಿಂತೈತಲ್ಲ, ಅದನ್ನ ಹೆರೀರಿ!"

ಇನ್ನೊಂದೇ ಸಲ ಎಳೆದು ನೋಡುತ್ತೇನೆಂದು ಹಗ್ಗಕ್ಕೆ ಕೈಹಾಕಿದೆ. ಬಂದೂಕು ಹಾರಿದಂತಹ ಸದ್ದಾಯಿತು. ನಾನು ಹೆರೆದ ಜಾಗದಲ್ಲಿಯೇ ಬಿಲ್ಲು ಎರಡಾಗಿ ಬಿದ್ದಿತ್ತು. ತಾತ ತುಂಡನ್ನು ಎತ್ತಿ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಮರದ್ದೇನೂ ತಪ್ಪಿಲ್ಲ" ಎಂದಷ್ಟೇ ಹೇಳಿ ಒಲೆಯ ಪಕ್ಕದಲ್ಲಿ ಇಟ್ಟರು.

ಎರಡನೆಯ ಸೀಳನ್ನು ತಾತನ ಕಣ್ಣೆದುರಿಗೇ ಕೆತ್ತಿದೆ. ಅದು ಅರ್ಧದಷ್ಟು ಬಾಗುವಂತಾದ ಮೇಲೆ ಮೀನಿನ ಚರ್ಮದ ಸರದಿ ಬಂದಿತು. ಹೊಳೆಯ ದಡದಲ್ಲಿ ಮೀನು ಮಾರುವ ತಾಯಿಯೊಬ್ಬರಿಂದ ಎರಡಡಿಗಿಂತ ಉದ್ದವಾದ ಕಾಟ್ಲಾ ಮೀನುಗಳನ್ನು ಕೊಂಡೆ. ಮಾಂಸ ಬೇಡ, ಚರ್ಮ ಬೇಕೆಂದಾಗ ಆಕೆ ನಕ್ಕರು. ಆದರೂ ಹುರುಪೆ ತೆಗೆದು, ಚರ್ಮವನ್ನು ಹರಿಯದಂತೆ ಸುಲಿಯುವುದನ್ನು ಅವರೇ ತೋರಿಸಿದರು. ಒಳಗಿನ ಮಾಂಸವನ್ನು ಮೊಂಡು ಚಾಕುವಿನಿಂದ ಕೆರೆದು, ಜಿಡ್ಡು ಹೋಗುವವರೆಗೆ ಸಾಬೂನಿನಿಂದ ತೊಳೆದು, ಹಲಗೆಯ ಮೇಲೆ ಬಿಗಿದು ನೆರಳಿನಲ್ಲಿ ಒಣಗಿಸಿದೆವು. ಒಣಗಿದ ಚರ್ಮ ಕಾಗದದಂತೆ ತೆಳುವಾಗಿ, ಕೈಯಿಂದ ಹರಿಯಲಾಗದಷ್ಟು ಗಟ್ಟಿಯಾಗಿತ್ತು.

ಇಲ್ಲಿಯೂ ಒಂದು ಪಾಠವಾಯಿತು. ಅಂಟಿಸುವ ಮೊದಲು ಚರ್ಮವನ್ನು ನೆನೆಸಬೇಕು. ಬೇಗ ಮೆದುವಾಗಲೆಂದು ನಾನು ಬಿಸಿನೀರಿಗೆ ಹಾಕಿದೆ. ಕ್ಷಣಾರ್ಧದಲ್ಲಿ ಅದು ಮುದುಡಿ, ಸುರುಳಿಯಾಗಿ, ಲೋಳೆಯಾಯಿತು. ದನದ ಚರ್ಮ ತಾಳುವಷ್ಟು ಬಿಸಿಯನ್ನು ಮೀನಿನ ಚರ್ಮ ತಾಳಲಾರದು; ಅದಕ್ಕೆ ಉಗುರುಬೆಚ್ಚಗಿನ ನೀರೇ ಸಾಕು. ಹಾಳಾದ ಚರ್ಮವನ್ನು ತಾತ ಎಸೆಯಲಿಲ್ಲ. ಉಳಿದ ಚೂರುಗಳೊಡನೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಸೋಸಿ, ಅಂಟು ಮಾಡಿದರು. ಬಿಲ್ಲಿನ ಹೊರಮೈಯ ಜಿಡ್ಡನ್ನು ಒರೆಸಿ, ಬೆರಳು ತಾಳುವಷ್ಟು ಆರಿದ ಆ ಅಂಟನ್ನು ಎರಡು ಮೂರು ಸಲ ಬಳಿದು, ಹಿಡಿಯ ಮೇಲೆ ಎರಡು ಚರ್ಮಗಳ ಅಂಚು ಒಂದರ ಮೇಲೊಂದು ಬರುವಂತೆ ಹಾಸಿ, ಒಳಗೆ ಗಾಳಿ ಉಳಿಯದಂತೆ ನಡುವಿನಿಂದ ಅಂಚಿನ ಕಡೆಗೆ ಸವರಿ, ಹತ್ತಿಬಟ್ಟೆಯ ಪಟ್ಟಿಯಿಂದ ಸುತ್ತಿದೆವು. ಬಟ್ಟೆ ಬಿಚ್ಚಿದ ಮೇಲೂ ಒಂದು ವಾರ ಒಣಗಬೇಕಿತ್ತು.

ಕೈ ತೊಳೆಯುತ್ತ ನಾನು, "ಇನ್ನು ಇದು ಮುರಿಯುವುದಿಲ್ಲ ಅಲ್ಲವೇ ತಾತ?" ಎಂದೆ. ಅವರು ತುಸು ಹೊತ್ತು ಯೋಚಿಸಿ ಹೇಳಿದರು: "ತೊಗಲು ಎಳೆ ಏಳದಂಗೆ ಹಿಡಕೊಂತೈತಿ, ಅಷ್ಟೇ. ಒಂದು ಕಡೆ ಬಾಗಿ ಇನ್ನೊಂದು ಕಡೆ ಬಾಗದಿದ್ರೆ, ತೊಗಲಿನ ಸಮೇತ ಮುರಿತೈತಿ."

ನಾನು ನಕ್ಕು ಹೊರಟೆ. ಬಿಲ್ಲು ಒಣಗುತ್ತಿದ್ದ ಆ ವಾರದಲ್ಲಿಯೇ ನನ್ನ ಹುಟ್ಟೂರಿನಿಂದ ಫೋನು ಬಂದಿತು. ಅಕ್ಕ ಅಡಿಗೆಮನೆಯಲ್ಲಿ ಕುಸಿದು ಬಿದ್ದಿದ್ದಳು.

ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಗುರುಮಠಕ್ಕೆ ಸೇರಿದ ವರ್ಷ ಅಪ್ಪನಿಗೆ ಕಾಯಿಲೆಯಾಯಿತು. ತಮ್ಮ ಆಗಿನ್ನೂ ಚಿಕ್ಕವನು. ಅಕ್ಕನಿಗೆ ಬಂದಿದ್ದ ಸಂಬಂಧವನ್ನು ಮುಂದೂಡಿದರು. ಆಮೇಲೆ ಯಾರೂ ಆ ಮಾತನ್ನು ಎತ್ತಲಿಲ್ಲ. ಅಪ್ಪ ತೀರಿಕೊಂಡರು. ತಮ್ಮ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಸಂಸಾರಸ್ಥನಾದ. ಏಳು ವರ್ಷಗಳ ಹಿಂದೆ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ಅಂದಿನಿಂದ ಅಮ್ಮನ ಸ್ನಾನ, ಊಟ, ಮಲಮೂತ್ರ, ರಾತ್ರಿಯ ನರಳಾಟ ಎಲ್ಲವೂ ಅಕ್ಕನ ಪಾಲಾಯಿತು. ನಾನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಮನೆಯಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದೆ, ಅಕ್ಕ ಮಾಡಿದ ಸಾರನ್ನು ಹೊಗಳುತ್ತಿದ್ದೆ, ಅಮ್ಮನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಮರುದಿನದ ಬಸ್ಸು ಹತ್ತುತ್ತಿದ್ದೆ.

ರಾತ್ರಿಯ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಆಸ್ಪತ್ರೆ ತಲುಪಿದೆ. ಅಕ್ಕನಿಗೆ ಬಹುಕಾಲದಿಂದ ರಕ್ತದೊತ್ತಡವಿತ್ತು, ಔಷಧ ತೆಗೆದುಕೊಂಡಿರಲಿಲ್ಲ, ನಿದ್ರೆಯಿಲ್ಲದೆ ದೇಹ ಬಸವಳಿದಿತ್ತು ಎಂದರು ವೈದ್ಯರು. ಇಷ್ಟು ದಿನ ಏಕೆ ತೋರಿಸಲಿಲ್ಲ ಎಂದು ನಾನು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಕೋಪವೂ ಇತ್ತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅಕ್ಕ ಕಣ್ಣು ತೆರೆಯದೆಯೇ, "ನಾನು ಬಂದರೆ ಅಮ್ಮನ ಹತ್ತಿರ ಯಾರಿರುತ್ತಿದ್ದರು?" ಎಂದಳು.

ಆ ಹೊತ್ತಿನಲ್ಲಿ ತಾತನ ಗದರಿಕೆ ಕಿವಿಯಲ್ಲಿ ಕೇಳಿಸಿತು. ಕಳೆದ ಏಳು ವರ್ಷಗಳಲ್ಲಿ ಮನೆಗೆ ಯಾವ ಕೆಲಸ ಬಂದರೂ ನಾನು ಅಕ್ಕನಿಗೇ ಫೋನು ಮಾಡಿದ್ದೆ. ಜಮೀನಿನ ಕಂದಾಯ, ಸಂಬಂಧಿಕರ ಮದುವೆ, ಮನೆಯ ಸೋರುವ ಹೆಂಚು, ಎಲ್ಲಕ್ಕೂ. ತಮ್ಮನನ್ನು ಕೇಳಿದರೆ ಮಾತಿಗೆ ಮಾತು ಬೆಳೆಯುತ್ತಿತ್ತು. ನನ್ನನ್ನು ನಾನೇ ಕೇಳಿಕೊಂಡರೆ ಧರ್ಮಕೇಂದ್ರದ ಕೆಲಸವೆಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅಕ್ಕ ಮಾತ್ರ "ಆಗಲಿ" ಎನ್ನುತ್ತಿದ್ದಳು. ಆಗಲಿ ಎನ್ನುವವರ ಮೇಲೆ ನಾವು ಇನ್ನಷ್ಟು ಹೇರುತ್ತೇವೆ. ಅವರು ಬಾಗಿದಷ್ಟೂ ಮನೆ ಚೆನ್ನಾಗಿ ನಡೆಯುತ್ತಿದೆಯೆಂದು ಸಂತೋಷಪಡುತ್ತೇವೆ. ಮೊದಲ ಬಿಲ್ಲನ್ನು ನಾನು ಮುರಿದದ್ದು ಹೀಗೆಯೇ ಅಲ್ಲವೇ?

ನಾನು ಏನೂ ಮಾಡಿರಲಿಲ್ಲವೆಂದಲ್ಲ. ತಿಂಗಳು ತಿಂಗಳು ಕೈಲಾದಷ್ಟು ಹಣ ಕಳುಹಿಸುತ್ತಿದ್ದೆ. ಪ್ರತಿ ಭಾನುವಾರ ಫೋನು ಮಾಡಿ ಸಾಂತ್ವನ ಹೇಳುತ್ತಿದ್ದೆ, ಅವಳಿಗಾಗಿ ಪ್ರಾರ್ಥಿಸುತ್ತಿದ್ದೆ. ಅವು ಸುಳ್ಳಲ್ಲ, ವ್ಯರ್ಥವೂ ಅಲ್ಲ. ಅವು ಮೀನಿನ ಚರ್ಮ. ಎದ್ದ ಎಳೆಯನ್ನು ಇನ್ನಷ್ಟು ದಿನ ಅದುಮಿ ಹಿಡಿದಿದ್ದವು. ಆದರೆ ಇನ್ನೊಂದು ತೋಳು ಬಾಗದಿದ್ದಾಗ ಚರ್ಮ ಎಷ್ಟು ಕಾಲ ಕಾಪಾಡೀತು?

ಓದುಗರೇ, ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಗುರುಮಠದಲ್ಲಿದ್ದಾಗ ನಾನು 5ನೆಯ ಶತಮಾನದ ಸನ್ಯಾಸಿ ಜಾನ್ ಕ್ಯಾಸಿಯನ್ ಬರೆದಿಟ್ಟ ಒಂದು ಕಥೆಯನ್ನು ಓದಿದ್ದೆ. ಶುಭಸಂದೇಶಕಾರ ಸಂತ ಯೊವಾನ್ನರು ಒಂದು ಕವುಜುಗ ಹಕ್ಕಿಯನ್ನು ನೇವರಿಸುತ್ತ ಕುಳಿತಿದ್ದರಂತೆ. ಇಂತಹ ಮಹಾತ್ಮರು ಹೀಗೆ ಕಾಲ ಕಳೆಯುವುದೇ ಎಂದು ಬೇಟೆಗಾರನೊಬ್ಬ ಬೆರಗಾದ. ನಿನ್ನ ಬಿಲ್ಲಿಗೆ ಸದಾ ಹೆದೆ ಬಿಗಿದಿಡುವುದಿಲ್ಲವೇಕೆ ಎಂದು ಯೊವಾನ್ನರು ಕೇಳಿದರು. ಹಾಗೆ ಇಟ್ಟರೆ ಬಿಲ್ಲಿನ ಕಸುವು ಹೋಗುತ್ತದೆಂದು ಅವನೇ ಉತ್ತರ ಕೊಟ್ಟ. ಮನಸ್ಸಿಗೂ ಹಾಗೆಯೇ ಬಿಡುವು ಬೇಕೆಂದು ಯೊವಾನ್ನರು ಹೇಳಿದರು. ಈ ಕಥೆಯನ್ನು ನಾನು ಎಷ್ಟೋ ಧ್ಯಾನಕೂಟಗಳಲ್ಲಿ ಹೇಳಿ ಮೆಚ್ಚುಗೆ ಗಳಿಸಿದ್ದೇನೆ. ನಮ್ಮ ಮನೆಯಲ್ಲಿಯೇ ಏಳು ವರ್ಷ ಹೆದೆ ಇಳಿಸದ ಒಂದು ಬಿಲ್ಲು ಇತ್ತೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಧರ್ಮಾಧ್ಯಕ್ಷರ ಅನುಮತಿ ಪಡೆದು ಒಂದು ತಿಂಗಳು ಮನೆಯಲ್ಲಿ ಉಳಿದೆ. ತಮ್ಮನನ್ನು ಕರೆಸಿ ಕೂರಿಸಿಕೊಂಡು ಮಾತನಾಡಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಣ್ಣಾ, ನೀನಾಗಲಿ ಅಕ್ಕನಾಗಲಿ ನನ್ನನ್ನು ಒಂದು ದಿನವೂ ನೇರವಾಗಿ ಕೇಳಲಿಲ್ಲವಲ್ಲ" ಎಂದ. ಅದರಲ್ಲಿ ನೆಪ ಎಷ್ಟು, ಸತ್ಯ ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ. ವರ್ಷಕ್ಕೆ ಮೂರು ತಿಂಗಳು ಅಮ್ಮ ತಮ್ಮನ ಮನೆಯಲ್ಲಿ, ಒಂದು ತಿಂಗಳು ನನ್ನ ರಜೆಯಲ್ಲಿ ನಾನೇ ಅವರ ಬಳಿ, ಉಳಿದ ದಿನಗಳಲ್ಲಿ ಹಗಲು ಹೊತ್ತು ಸಹಾಯಕ್ಕೆ ಊರಿನ ಒಬ್ಬ ಹೆಂಗಸು ಎಂದು ನಿರ್ಧರಿಸಿದೆವು. ಎರಡು ವಾರದ ಮೇಲೆ ಅಕ್ಕ ಚೇತರಿಸಿಕೊಂಡು ಚಿಕ್ಕಮ್ಮನ ಮಗಳ ಮನೆಗೆ ಹೊರಟಳು. ಹೊರಡುವ ಮುನ್ನ ಔಷಧಗಳ ಪಟ್ಟಿಯನ್ನು ಮೂರು ಸಲ ಓದಿ ಹೇಳಿದಳು.

ಮೊದಲ ರಾತ್ರಿ ಅಮ್ಮನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ನನ್ನ ಬೆನ್ನು ಮುರಿದಂತಾಯಿತು. ಮಗನ ಕೈಯಿಂದ ಶುಚಿಗೊಳಿಸಿಕೊಳ್ಳಲು ಅಮ್ಮ ಸಂಕೋಚದಿಂದ ಅತ್ತರು, ನಾನೂ ಅತ್ತೆ. ಆ ರಾತ್ರಿ ಅಕ್ಕ ಮೂರು ಸಲ ಫೋನು ಮಾಡಿದಳು. ಎರಡನೆಯ ದಿನ ಎರಡು ಸಲ. ನಾಲ್ಕನೆಯ ದಿನ ಫೋನೇ ಬರಲಿಲ್ಲ. ಗಾಬರಿಯಿಂದ ನಾನೇ ಮಾಡಿದಾಗ ಚಿಕ್ಕಮ್ಮನ ಮಗಳು ಹೇಳಿದಳು: "ಹನ್ನೊಂದು ಗಂಟೆಯಾದರೂ ಅಕ್ಕ ಇನ್ನೂ ಮಲಗಿದ್ದಾಳೆ ಅಣ್ಣಾ. ಎಬ್ಬಿಸಲೇ?" ಬೇಡವೆಂದೆ.

ತಿಂಗಳ ಬಳಿಕ ಬುಕ್ಕಸಾಗರಕ್ಕೆ ಹೋದಾಗ ಬಿಲ್ಲು ತಾತನ ಮನೆಯ ಗೋಡೆಯ ಮೇಲೆ ಚೆನ್ನಾಗಿ ಒಣಗಿತ್ತು. ಅಂಚಿನ ಹೆಚ್ಚುವರಿ ಚರ್ಮವನ್ನು ಅರದಿಂದ ಉಜ್ಜಿ ತೆಗೆದು, ಬಾಗುವಿಕೆಯನ್ನು ಸರಿದೂಗಿಸುವ ಕೆಲಸವನ್ನು ಮುಂದುವರಿಸಿದೆವು. ಈ ಸಲ ನಾನು ಗಂಟಿರುವ ಬಿಗಿ ತೋಳಿನ ಕಡೆ ಹೆಚ್ಚು ಹೊತ್ತು ಕಳೆದೆ. ಗಾಜು ಜಾರಿತು, ಬೆರಳು ಕೊಯ್ದಿತು, ಹೊಟ್ಟು ಬಹಳ ಸ್ವಲ್ಪ ಉದುರಿತು. ಆರು ಬೆಳಗಿನ ಕೆಲಸದ ನಂತರ ಎರಡು ತೋಳುಗಳೂ ಒಂದೇ ಹದದಲ್ಲಿ ಬಾಗಿದವು. ಮೀನು ಮಾರುವ ತಾಯಿಯ ಕೊಕ್ಕೆಯ ತೂಕದ ಸಾಧನದಿಂದ ಹಗ್ಗವನ್ನು 26 ಅಂಗುಲ ಎಳೆದು ನೋಡಿದಾಗ ಮುಳ್ಳು 15 ಕಿಲೋಗಳ ಹತ್ತಿರ ನಿಂತಿತು. ಹೊರಮೈಯ ಚರ್ಮ ಒಂದು ಕಡೆಯೂ ಏಳಲಿಲ್ಲ.

ಪ್ರಶ್ನೆ ಕೇಳಿದ್ದ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ತೋಟದ ಅಂಚಿನಲ್ಲಿ ಬಾಳೆಯ ದಿಂಡೊಂದನ್ನು ನಿಲ್ಲಿಸಿ ಇಪ್ಪತ್ತು ಹೆಜ್ಜೆ ದೂರದಿಂದ ಬಾಣ ಬಿಡಲು ಹೇಳಿದೆವು. ಮೊದಲ ಎರಡು ಬಾಣಗಳು ಕಬ್ಬಿನ ಗದ್ದೆ ಸೇರಿದವು. ಮೂರನೆಯದು ದಿಂಡಿಗೆ ಕಚ್ಚಿ ನಿಂತಿತು. ಅವನು ಬಿಲ್ಲನ್ನು ತಿರುಗಿಸಿ ನೋಡುತ್ತ, "ಈಗ ಗೊತ್ತಾಯಿತು ಫಾದರ್. ಎಲ್ಲ ಕಡೆನೂ ಸ್ವಲ್ಪ ಸ್ವಲ್ಪ ಬಾಗುತ್ತೆ, ಅದಕ್ಕೇ ಮುರಿಯೋದಿಲ್ಲ" ಎಂದ. ನಾನು ಇಷ್ಟು ಪುಟಗಳಲ್ಲಿ ಬರೆದದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿದ್ದ. ತಾತ ಹೆದೆಯನ್ನು ಇಳಿಸಿ ಬಿಲ್ಲನ್ನು ನನ್ನ ಕೈಗಿತ್ತರು.

ಅಕ್ಕ ಈಗ ಔಷಧ ತೆಗೆದುಕೊಳ್ಳುತ್ತಿದ್ದಾಳೆ. ಮೊದಲಿನ ಕಸುವು ಪೂರ್ತಿ ಮರಳಿ ಬಂದಿಲ್ಲ. ಬರುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಅದು ನನ್ನ ಪಾಲಿಗೆ ಉಳಿದಿರುವ ನೋವು. ಮುರಿದ ಮೊದಲ ಬಿಲ್ಲಿನ ಒಂದು ತುಂಡನ್ನೂ ನಾನು ತಾತನಿಂದ ಕೇಳಿ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಪ್ರಿಯ ಓದುಗರೇ, ಈ ಸಂಚಿಕೆಯನ್ನು ಕೆಳಗಿಡುವ ಮೊದಲು ನಿಮ್ಮ ಮನೆಯನ್ನು ಒಮ್ಮೆ ದೂರ ನಿಂತು ನೋಡಿ. ಯಾರನ್ನು ಕೇಳಿದರೆ ಸುಲಭವಾಗಿ "ಆಗಲಿ" ಎಂಬ ಉತ್ತರ ದೊರೆಯುತ್ತದೆ? ಮುಂದಿನ ಕೆಲಸವನ್ನು ಅವರಿಗೆ ಹೇಳುವ ಮುನ್ನ ಬಾಗದೆ ನಿಂತಿರುವವರು ಯಾರೆಂದು ಹುಡುಕಿರಿ. ಹುಡುಕುವಾಗ ಮೊದಲು ನಿಮ್ಮನ್ನೇ ನೋಡಿಕೊಳ್ಳಿರಿ. ನನಗೆ ಸಿಕ್ಕಿದ್ದು ಅಲ್ಲಿಯೇ.